ಮೂರನೆಯ ಅಳತೆ

ಬೆನ್ನಿನ ಕೆಳಗೆ ಕೈ ತೂರಿಸಿ, ಸ್ವೆಟರಿನ ಸಡಿಲವನ್ನು ಮುಷ್ಟಿಯಲ್ಲಿ ಒಟ್ಟುಮಾಡಿ, ಶವಾಗಾರದ ಕೆಲಸಗಾರ ಅದಕ್ಕೆ ಐದನೆಯ ಕ್ಲಿಪ್ಪು ಸಿಕ್ಕಿಸಿದ. ಕಚೇರಿಯಲ್ಲಿ ಕಾಗದದ ಕಟ್ಟಿಗೆ ಹಾಕುವಂಥ ಕಪ್ಪು ಕ್ಲಿಪ್ಪು. ಇನ್ನೆರಡನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದ. ಅವನ್ನು ತೆಗೆದು, ಎಂಜಲನ್ನು ತನ್ನ ಅಂಗಿಗೆ ಒರೆಸಿ, ಎರಡು ಹೆಗಲ ಹಿಂದೆ ಒಂದೊಂದು ಹಾಕಿದ. ಎದೆಯ ಮೇಲಿನ ನೆರಿಗೆಗಳು ಮಾಯವಾದವು.

"ಈಗ ನೋಡಿ ಅಮ್ಮ," ಎಂದ. "ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಹಿಂದುಗಡೆ ಯಾರು ನೋಡ್ತಾರೆ?"

ಹೆಂಡತಿ ನೋಡಿದಳು. ಗಂಡನ ಕೆನ್ನೆಗೆ ಬಳಿದ ಪೌಡರು ಕತ್ತುಪಟ್ಟಿಯ ಹೆಣಿಗೆಯೊಳಗೆ ಉದುರಿ ಗೆರೆಗೆರೆಯಾಗಿ ಕೂತಿತ್ತು. ಔಷಧದ ವಾಸನೆ ಮುಚ್ಚಲು ಸೆಂಟು ಸಿಂಪಡಿಸಿದ್ದರು. ಎರಡೂ ಸೇರಿ, ಮುಚ್ಚಿದ ಡಬ್ಬಿಯಲ್ಲಿ ಮರೆತ ಹಣ್ಣಿನ ನಾತವಾಗಿತ್ತು.

ಸ್ವೆಟರು ತೊಡಿಸುವ ಯೋಚನೆ ನಾದಿನಿಯದು. ಅಣ್ಣನಿಗಾಗಿ ಅತ್ತಿಗೆ ಮೂರು ಸಲ ಬಿಚ್ಚಿ ಹೆಣೆದದ್ದು, ಅದನ್ನೇ ಹಾಕಿಕೊಂಡು ಹೋಗಲಿ ಎಂದು ಆಸ್ಪತ್ರೆಯಲ್ಲೇ ಹಟ ಹಿಡಿದಿದ್ದಳು. ಬಿಚ್ಚಿದ್ದು ಎರಡೇ ಸಲ. ತಿದ್ದಲು ಹೆಂಡತಿಗೆ ಆಗ ತ್ರಾಣ ಇರಲಿಲ್ಲ. ಹ್ಞೂಂ ಎಂದುಬಿಟ್ಟಿದ್ದಳು.

ಹನ್ನೊಂದು ಗಂಟೆಗೆ ಬಾಗಿಲು ತೆರೆದರು. ಒಂದು ಗಂಟೆಗೆ ಮಣ್ಣು.

*

ಇಪ್ಪತ್ತಾರು ವರ್ಷ ಗಂಡ ಮನೆಮನೆಯ ನೀರಿನ ಮೀಟರು ಓದಿದವನು. ದಿನಕ್ಕೆ ಸುಮಾರು ನೂರ ನಲವತ್ತು ಮನೆ. ಗೇಟಿನ ಪಕ್ಕ ಮಂಡಿಯೂರಿ, ಕಬ್ಬಿಣದ ಮುಚ್ಚಳ ಎತ್ತಿ, ಹೆಬ್ಬೆರಳಿನಿಂದ ಗಾಜು ಒರೆಸಿ, ಅಂಕಿ ಬರೆದುಕೊಳ್ಳುವುದು. ಬೀದಿಗಳಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಮೀಟರಣ್ಣ ಎಂದರೆ ನಾಯಿಯೂ ಬಾಲ ಆಡಿಸುತ್ತಿತ್ತು.

ಅಂಗಡಿಯ ಸ್ವೆಟರು ಬಗ್ಗಿದಾಗಲೆಲ್ಲ ಸೊಂಟ ಬಿಟ್ಟು ಮೇಲೇರುತ್ತದೆ, ಮುಂದಿನ ಚಳಿಗೆ ಉದ್ದನೆಯದೊಂದು ಹೆಣೆದುಕೊಡು ಎಂದು ಹೆಂಡತಿಯನ್ನು ಕೇಳಿದ. ಅವಳು ಎದೆ ಅಳೆದು ಪುಸ್ತಕದಲ್ಲಿ ಬರೆದಳು: ಮಾರ್ಚ್ ಆರು, ನಲವತ್ತು ಇಂಚು. ಸಡಿಲಕ್ಕೆ ಎರಡಿಂಚು ಸೇರಿಸಿ ಕುಣಿಕೆ ಹಾಕಿದಳು.

ಮೇ ತಿಂಗಳ ಕೊನೆಗೆ ಮೈಯೂ ಒಂದು ತೋಳೂ ಮುಗಿದಿದ್ದವು. ತೊಡಿಸಿ ನೋಡಿದರೆ ಹೆಗಲು ಜೋತುಬಿತ್ತು.

"ಇದು ನನಗೋ, ನಮ್ಮ ಸಾಹೇಬರಿಗೋ?" ಎಂದ.

ಅವಳು ಅಂಗಡಿಗೆ ಹೋಗಿ ಹೊಸ ಟೇಪು ತಂದಳು. ಮೂವತ್ತೇಳು ತೋರಿಸಿತು. ಹಳೇ ಟೇಪು ಹಿಗ್ಗಿಹೋಗಿದೆ, ತಪ್ಪು ಅದರದ್ದೇ ಎಂದು ಇಬ್ಬರೂ ಒಪ್ಪಿ ಅದನ್ನು ಕಸಕ್ಕೆ ಎಸೆದರು. ಇಡೀ ಸ್ವೆಟರು ಬಿಚ್ಚಿ, ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ತೊಳೆದು, ಗುಂಗುರು ಹೋಗಲೆಂದು ಒದ್ದೆ ಟವೆಲಿನ ಭಾರ ಕಟ್ಟಿ ನೇತುಹಾಕಿ, ಮೊದಲಿನಿಂದ ಶುರುಮಾಡಿದಳು.

ಆಗಸ್ಟಿನಲ್ಲಿ ಮತ್ತೆ ಅದೇ ಕತೆ. ಈ ಸಲ ಉಣ್ಣೆಯದು ತಪ್ಪು. ಒಮ್ಮೆ ಬಿಚ್ಚಿದ ದಾರದ ಕಸುವು ಹೋಗಿ ಹೆಣಿಗೆ ಸಡಿಲವಾಗಿದೆ ಎಂದುಕೊಂಡಳು. ಪುನಃ ಅಳೆದಳು. ಮೂವತ್ತನಾಲ್ಕು.

"ನೆಟ್ಟಗೆ ನಿಂತ್ಕೊಳ್ಳಿ," ಎಂದು ಗದರಿದಳು. "ಉಸಿರು ಒಳಗೆಳ್ಕೊಂಡು ಅಳತೆ ಕೆಡಿಸಬೇಡಿ."

"ಎಳ್ಕೊಂಡಿಲ್ಲ ಕಣೇ," ಎಂದ ಅವನು. "ಬಿಚ್ಚು, ಇನ್ನೊಂದು ಸಲ ಹಾಕು. ನನಗೇನು ಅವಸರ?"

ಸಣ್ಣ ಕಡ್ಡಿ ತೆಗೆದುಕೊಂಡು ಬಿಗಿಯಾಗಿ ಹೆಣೆಯತೊಡಗಿದಳು. ಅದೇ ವಾರ ಅವನು ಮೊಳೆಯಿಂದ ಬೆಲ್ಟಿಗೆ ಎರಡು ತೂತು ಹೊಡೆದುಕೊಂಡ. ಮೀಟರಣ್ಣ ಓಡಾಡಿ ಓಡಾಡಿ ಹುಡುಗನ ಹಾಗಾಗಿದ್ದಾನೆ ಎಂದು ಪಕ್ಕದ ಮನೆಯವರು ಹೊಗಳಿದರು.

*

ಶವಾಗಾರದ ಕೊಠಡಿಗೆ ಚಹಾ ಬಂತು. ಶವಪೆಟ್ಟಿಗೆಯ ತಲೆದೆಸೆಯಲ್ಲಿ ನಿಂತ ನಾದಿನಿ, ಬಂದವರಿಗೆಲ್ಲ ಸ್ವೆಟರಿನ ಕತೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಮೂರು ಸಲ ಐದಾಯಿತು. ಮೂಲೆಮನೆಯ ಹೆಂಗಸು ಬಿಸ್ಕತ್ತು ಹಿಡಿದ ಬೆರಳಲ್ಲೇ ತೋಳಿನ ಅಂಚು ತಿರುವಿ ನೋಡಿ, ಎಂಥಾ ಕೈಕೆಲಸ, ಎಷ್ಟು ಒಪ್ಪವಾಗಿ ಕೂತಿದೆ ಎಂದಳು. ಬಿಸ್ಕತ್ತಿನ ಪುಡಿ ಉಣ್ಣೆಯ ಮೇಲೆ ಉಳಿಯಿತು. ನಾದಿನಿ ಫೋನಿನಲ್ಲಿ ಎರಡು ಫೋಟೋ ತೆಗೆದಳು.

ಹೆಂಡತಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಒಬ್ಬೊಬ್ಬರೂ ಬಂದು ಅವಳ ಕೈ ಹಿಡಿದು, ಈ ಕೈಯಲ್ಲಿ ಪ್ರೀತಿ ಇದೆ ಎಂದು ಹೇಳಿ ಹೋಗುತ್ತಿದ್ದರು. ಅವರ ಅಂಗೈಯ ಬೆವರನ್ನು ಅವಳು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಒರೆಸಿದಷ್ಟೂ ತನ್ನ ಕೈಯೇ ಹೇಸಿಗೆ ಅನ್ನಿಸುತ್ತಿತ್ತು.

ಬಿಲ್ಲು ವಿಭಾಗದ ಗುಮಾಸ್ತ ಚಹಾದ ಲೋಟ ಕೆಳಗಿಟ್ಟು, ಸತ್ತವನ ಮಾತೆತ್ತಿದ. ಅವರಿಬ್ಬರದು ಹದಿನೈದು ವರ್ಷದ ಜೊತೆ.

"ಬಿಲ್ಲು ಜಾಸ್ತಿ ಬಂದ್ರೆ ಜನ ಮೀಟರು ಕೆಟ್ಟಿದೆ ಅಂತ ಬಾಯಿ ಮಾಡ್ತಾರಲ್ಲ, ಇವನು ಜಗ್ಗುತ್ತಿರಲಿಲ್ಲ. ಎಲ್ಲಾ ನಲ್ಲಿ ಮುಚ್ಚಿ ಅನ್ನೋನು. ಮುಚ್ಚಿದ ಮೇಲೂ ಮುಳ್ಳು ತಿರುಗಿದ್ರೆ, ಮೀಟರನ್ನ ಬೈಬೇಡಿ, ನಿಮ್ಮ ಪೈಪು ಎಲ್ಲೋ ಸೋರ್ತಿದೆ ಅನ್ನೋನು. ಒಂದು ಸಲಾನೂ ತಪ್ಪಲಿಲ್ಲ ನೋಡಿ."

ಒಂದಿಬ್ಬರು ಮೆಲ್ಲಗೆ ನಕ್ಕರು. ಹೆಂಡತಿ ತಲೆಯೆತ್ತಿ ಗುಮಾಸ್ತನನ್ನು ನೋಡಿದಳು.

*

ಅಕ್ಟೋಬರಿನಲ್ಲಿ ಅವನು ಒಂದು ಗೇಟಿನ ಮುಂದೆ ಮಂಡಿಯೂರಿದವನು ಏಳಲಾರದೆ ಹೋದ. ತೂಕ ಯಾವಾಗಿನಿಂದ ಇಳಿಯುತ್ತಿದೆ ಎಂದು ವೈದ್ಯೆ ಕೇಳಿದಾಗ ಗಂಡಹೆಂಡತಿ ಮುಖ ನೋಡಿಕೊಂಡು, ಇತ್ತೀಚೆಗೆ ಎಂದರು. ಬೇಸಿಗೆಯಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದಳು ವೈದ್ಯೆ.

ಹೆಣಿಗೆಯ ಚೀಲ ಹೆಂಡತಿಯ ತೊಡೆಯ ಮೇಲೇ ಇತ್ತು. ಹೊರಗಿನ ಬೆಂಚಿನಲ್ಲಿ ಪುಸ್ತಕ ತೆರೆದಳು. ನಲವತ್ತು, ಮೂವತ್ತೇಳು, ಮೂವತ್ತನಾಲ್ಕು. ಮುಂದೆ ತಾರೀಖು, ಅವಳದೇ ಅಕ್ಷರ. ಇನ್ನೊಂದೂ ಆಗ ಹೊಳೆಯಿತು. ಟೇಪು ಹಿಗ್ಗಿದರೆ ಗೆರೆಗಳು ದೂರವಾಗುತ್ತವೆ, ಅದು ಅಳತೆಯನ್ನು ಕಡಿಮೆ ತೋರಿಸುತ್ತದೆ. ಹಳೆಯದು ನಿಜವಾಗಿ ಹಿಗ್ಗಿದ್ದರೆ ಹೊಸದು ನಲವತ್ತಕ್ಕಿಂತ ಹೆಚ್ಚು ತೋರಿಸಬೇಕಿತ್ತು. ಮೂವತ್ತು ವರ್ಷ ಹೆಣೆದವಳಿಗೂ, ಇಪ್ಪತ್ತಾರು ವರ್ಷ ಅಂಕಿ ಓದಿದವನಿಗೂ ಅಷ್ಟು ತಿಳಿಯಲಿಲ್ಲ.

ಅವನಿಗೆ ಹೇಳಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು ಎರಡನೆಯ ತೋಳು ಮುಗಿಸಿದಳು. ಮತ್ತೆ ಅಳೆಯಲಿಲ್ಲ.

*

"ಎಂಥಾ ಹೆಂಡತಿ ಸಿಕ್ಕಿದ್ಳು ನಮ್ಮಣ್ಣನಿಗೆ," ಎಂದು ನಾದಿನಿ ಕಣ್ಣೊರೆಸಿಕೊಂಡಳು. "ಒಂದು ಚೂರು ಹೆಚ್ಚುಕಮ್ಮಿ ಆದ್ರೂ ಬಿಚ್ಚಿಹಾಕೋಳು."

ಹೆಂಡತಿ ಕುರ್ಚಿಯಿಂದ ಎದ್ದಳು. ದಾರಿ ಬಿಟ್ಟವರ ನಡುವೆ ನಡೆದು ಪೆಟ್ಟಿಗೆಯ ಹತ್ತಿರ ಬಂದಳು.

"ಮಾರ್ಚಲ್ಲಿ ನಲವತ್ತಿತ್ತು," ಎಂದಳು. ದನಿ ಏರಲಿಲ್ಲ. "ಮೇನಲ್ಲಿ ಮೂವತ್ತೇಳು. ಆಗಸ್ಟಲ್ಲಿ ಮೂವತ್ತನಾಲ್ಕು. ನಾನೇ ಬರೆದಿಟ್ಟಿದ್ದೆ. ಟೇಪನ್ನ ಬೈದೆ, ಉಣ್ಣೆನ ಬೈದೆ. ಉಸಿರು ಎಳ್ಕೋಬೇಡಿ ಅಂತ ಅವರನ್ನೂ ಬೈದೆ."

ಅವಳು ಗಂಡನ ಬೆನ್ನಿನ ಕೆಳಗೆ ಕೈ ಹಾಕಿದಳು. ಅಲ್ಲಿ ತಣ್ಣಗಿತ್ತು, ಜಿಗುಟಾಗಿತ್ತು. ಮೊದಲ ಕ್ಲಿಪ್ಪು ಬಿಚ್ಚಿ ನೆಲಕ್ಕೆ ಹಾಕಿದಳು.

ನಾದಿನಿ ಅವಳ ತೋಳು ಹಿಡಿದಳು. "ಬೇಡ ಅತ್ತಿಗೆ. ಜನ ಇದ್ದಾರೆ. ನೋಡೋಕೆ ಅಸಹ್ಯ ಆಗುತ್ತೆ."

"ಆಗಲಿ," ಎಂದಳು. "ನೋಡ್ಲಿ."

ಶವಾಗಾರದವನು ಬಾಗಿಲಲ್ಲಿ ಬಂದು ನಿಂತ. ಒಂದು ಕ್ಷಣ ನೋಡಿ, ಹತ್ತಿರ ಬಂದು ಹೆಗಲು ಎತ್ತಿ ಹಿಡಿದ. ಉಳಿದ ಆರನ್ನೂ ಅವಳೇ ತೆಗೆದಳು. ಸ್ವೆಟರು ಎದೆಯ ಮೇಲೆ ಕುಸಿದು ಪಕ್ಕೆಗಳ ನಡುವೆ ಇಳಿಯಿತು. ಹೆಗಲ ಹೊಲಿಗೆ ರಟ್ಟೆಯ ಅರ್ಧಕ್ಕೆ ಜಾರಿತು. ತೋಳಿನ ತುದಿಗಳು ಬೆರಳುಗಳನ್ನು ದಾಟಿ ಮುಂದೆ ಹೋದವು. ಮೂಲೆಮನೆಯ ಹೆಂಗಸು ಮುಖ ತಿರುಗಿಸಿದಳು. ಗುಮಾಸ್ತ ತಿರುಗಿಸಲಿಲ್ಲ.

ಪೆಟ್ಟಿಗೆ ಮುಚ್ಚುವ ಹೊತ್ತಾಯಿತು ಎಂದು ಶವಾಗಾರದವನು ಮೆಲ್ಲಗೆ ಹೇಳಿದ. ಕೊನೆಯ ಸಲ ಅಣ್ಣನ ಕೈ ಹಿಡಿಯಲು ನಾದಿನಿ ಬಗ್ಗಿದಳು. ಕೈ ಇರಬೇಕಾದಲ್ಲಿ ಬರೀ ಉಣ್ಣೆ ಸಿಕ್ಕಿತು. ತೋಳಿನ ಬಾಯಿಯೊಳಗೆ ಬೆರಳು ತೂರಿಸಿದಳು, ಆಮೇಲೆ ಅಂಗೈ, ಆಮೇಲೆ ಬಳೆಗಳೂ ಒಳಗೆ ಹೋದವು. ಉಣ್ಣೆಯ ಕೆಳಗೆ ಅವಳ ಕೈ ಅತ್ತಿತ್ತ ಸರಿಯುತ್ತ ಇನ್ನೂ ಹುಡುಕುತ್ತಿತ್ತು.