ತಿರುಗೋ ಚಕ್ರಕ್ಕೆ ಎಲ್ಲಿಯ ಜಡತ್ವ

ಇಪ್ಪತ್ತೊಂದು ವರ್ಷದಿಂದ ವಿಜ್ಞಾನ ಪಾಠ ಮಾಡ್ತಿದ್ದೀನಿ. ನನ್ನ ಹತ್ತಿರ ಕಲಿತವರು ಡಾಕ್ಟರಾಗಿದ್ದಾರೆ, ಇಂಜಿನಿಯರಾಗಿದ್ದಾರೆ. ಆದರೆ ನಾನು ಹೆತ್ತ ಮಗಳು, ಎಂಟನೇ ಕ್ಲಾಸಿನವಳು, ಏನಾದರೂ ಅರ್ಥವಾಗದಿದ್ದರೆ ಪುಸ್ತಕ ಎತ್ತಿಕೊಂಡು ಹೋಗೋದು ಎಲ್ಲಿಗೆ? ಮುಂದಿನ ಕೋಣೆಗೆ. ಅಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತಿರೋ ಅವಳ ಅತ್ತೆ ಹತ್ತಿರ. ಅತ್ತೆ ಅಂದರೆ ನನ್ನ ಗಂಡನ ತಂಗಿ, ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ಮಹಾರಾಣಿ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳ್ತಾರಾ!

ಅವಳು ಹೇಳಿಕೊಡೋ ಚೆಂದ ನೋಡಬೇಕು. ಸಂಧಿ ಅಂದರೆ ಎರಡು ತುಂಡು ಬಟ್ಟೆ ಕೂಡಿಸೋದಂತೆ. ಕೂಡಿಸುವಾಗ ಅಂಚು ಕತ್ತರಿಸಿ ಬಿಸಾಕಿದರೆ ಲೋಪ, ನಡುವೆ ಒಂದು ಪಟ್ಟಿ ಸೇರಿಸಿದರೆ ಆಗಮ, ಒಂದು ಚೂರು ತೆಗೆದು ಆ ಜಾಗಕ್ಕೆ ಬೇರೆ ಚೂರು ಇಟ್ಟರೆ ಆದೇಶ. ಅಮೂರ್ತ ಅಂದರೇನು ಅಂತ ಮಗಳು ಕೇಳಿದ್ದಕ್ಕೆ ಅಳತೆ ಟೇಪನ್ನ ಅವಳ ಕೈಗೆ ಕೊಟ್ಟು, "ಟೇಪು ಮುಟ್ಟಿದ್ಯಾ? ಈಗ ಅಳತೆ ಮುಟ್ಟು ನೋಡೋಣ" ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾ ಕೇಳಿಸಿಕೊಂಡೆ. ಉದಾಹರಣೆ ಕೆಟ್ಟದಾಗಿದ್ದರೆ ನನಗೇನೂ ಆಗ್ತಿರಲಿಲ್ಲ. ಅಷ್ಟು ಚೆನ್ನಾಗಿತ್ತಲ್ಲ, ಅದಕ್ಕೇ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಶಾಲೆಗಳ ನಡುವೆ ಒಂದು ಸ್ಪರ್ಧೆ ಬಂತು. ಕಷ್ಟದ ಪದಗಳನ್ನ ದಿನಬಳಕೆಯ ಉದಾಹರಣೆ ಕೊಟ್ಟು ವಿವರಿಸಬೇಕು. ನಮ್ಮ ಶಾಲೆಯಿಂದ ನನ್ನ ಮಗಳೊಬ್ಬಳೇ. ನಾನೇ ತಯಾರಿ ಮಾಡಿಸ್ತೀನಿ ಅಂತ ಹೆಡ್‌ಮಿಸ್ ಹತ್ತಿರ ಹೇಳಿ ಬಂದೆ. ಒಂದು ವಾರ ಊಟದ ಮೇಜಿನ ಹತ್ತಿರ ಕೂರಿಸಿಕೊಂಡು ಗಂಟಲು ಹರಿದುಕೊಂಡೆ. ಈ ಸಲ ನನ್ನ ಮಗಳು ಗೆದ್ದರೆ ನನ್ನಿಂದ ಗೆಲ್ಲಬೇಕು, ಅಷ್ಟೇ.

ಸ್ಪರ್ಧೆಗೆ ಮೂರು ದಿನ ಇದ್ದಾಗ ಮಗಳು ಓಡಿ ಬಂದಳು. "ಅಮ್ಮಾ, ಜಡತ್ವ! ನೀನು ಹೇಳಿದಾಗ ಒಂಚೂರೂ ತಲೆಗೆ ಹೋಗಿರಲಿಲ್ಲ. ಅತ್ತೆ ಮೆಷಿನ್ ತುಳೀತಾ ತುಳೀತಾ ಕಾಲು ತೆಗೆದು, ಚಕ್ರ ನೋಡು ಅಂದರು. ಆದರೂ ಚಕ್ರ ಸ್ವಲ್ಪ ಹೊತ್ತು ತಿರುಗ್ತಾನೇ ಇತ್ತು. ಅದೇ ಅಲ್ವಾ ಜಡತ್ವ? ಹೆಂಗೆ ತಟ್ಟಂತ ಹೊಳೀತು ಗೊತ್ತಾ!"

ಅದೇ ಜಡತ್ವ. ನೂರಕ್ಕೆ ನೂರು ಸರಿ. ಆದರೆ ನನ್ನ ಹಾಳು ನಾಲಿಗೆ ಸುಮ್ಮನಿರಬೇಕಲ್ಲ.

"ಜಡ ಅಂದರೆ ಏನೇ? ಬಿದ್ದಲ್ಲೇ ಬಿದ್ದಿರೋದು. ಕಲ್ಲು, ಕೊರಡು. ತಿರುಗೋ ಚಕ್ರಕ್ಕೆ ಎಲ್ಲಿಯ ಜಡತ್ವ? ಓದಿಲ್ಲದವರ ಮಾತು ಕಟ್ಟಿಕೊಂಡು ಅಲ್ಲಿ ಮಾನ ಕಳೀಬೇಡ. ಕದಲದೇ ಇರೋದಕ್ಕೆ ಮಾತ್ರ ಜಡತ್ವ. ಹೊಡೆದು ಹಾಕು ಅದನ್ನ."

ಮಗಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಪುಸ್ತಕ ತೆಗೆದು ಚಕ್ರದ ಉದಾಹರಣೆ ಬರೆದಿದ್ದ ಸಾಲಿನ ಮೇಲೆ ಗೆರೆ ಎಳೆದಳು. ದೇವರಾಣೆ ಹೇಳ್ತೀನಿ, ಆಗ ನನಗೆ ಖುಷಿಯಾಯಿತು.

ಸ್ಪರ್ಧೆಯ ದಿನ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಎಂಟು ಪದಕ್ಕೆ ಮಗಳು ಅರಳು ಹುರಿದ ಹಾಗೆ ಉತ್ತರ ಕೊಟ್ಟಳು. ಒಂಬತ್ತನೆಯದು ಜಡತ್ವ. ನಾನು ಹೇಳಿಕೊಟ್ಟ ಕಲ್ಲಿನ ಉದಾಹರಣೆ ಒಪ್ಪಿಸಿದಳು. ತೀರ್ಪುಗಾರರು, ವಯಸ್ಸಾದ ಪ್ರೊಫೆಸರ್ ಒಬ್ಬರು, ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಸರಿ ಮಗು. ಓಡ್ತಾ ಇರೋ ವಸ್ತುವಿಗೆ ಜಡತ್ವ ಇದೆಯಾ?"

ನಾನು ಕೂತಲ್ಲೇ ಮನಸ್ಸಿನಲ್ಲಿ ಬೇಡಿಕೊಂಡೆ. ಇದೆ ಅನ್ನೇ ತಾಯಿ, ಇದೆ ಅನ್ನು!

"ಇಲ್ಲ ಸರ್. ಕದಲದೇ ಇರೋದಕ್ಕೆ ಮಾತ್ರ."

"ಯಾರಮ್ಮ ಹಾಗೆ ಹೇಳಿಕೊಟ್ಟವರು?"

"ನಮ್ಮಮ್ಮ, ಸರ್. ಅವರು ಸೈನ್ಸ್ ಟೀಚರ್." ಎಷ್ಟು ಹೆಮ್ಮೆಯಿಂದ ಹೇಳಿದಳು! ಅಲ್ಲೇ ಇದ್ದಾರೆ ಅಂತ ನನ್ನ ಕಡೆ ಕೈ ಬೇರೆ ತೋರಿಸಿದಳು.

ಹಿಂದೆ ಯಾರೋ ಕಿಸಕ್ಕೆಂದರು. ಪ್ರೊಫೆಸರ್ ಪಾಪ, ಬೈಯಲಿಲ್ಲ. "ಸೈಕಲ್ ತುಳಿಯೋದು ಬಿಟ್ಟರೂ ಅದು ಮುಂದೆ ಹೋಗುತ್ತಲ್ಲ, ಅದೂ ಜಡತ್ವವೇ ಕಣಮ್ಮ" ಅಂದರು. ಆ ಗಾಬರಿಯಲ್ಲಿ ಮಗಳಿಗೆ ಹತ್ತನೆಯ ಪದವೂ ಹೋಯಿತು, ಬಹುಮಾನವೂ ಹೋಯಿತು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು.

ಮನೆಗೆ ಬಂದಾಗ ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಮಗಳ ಮುಖ ನೋಡಿದವಳೇ, ಜಡತ್ವದಲ್ಲಿ ಸೋತಳು ಅಂತಷ್ಟೇ ಕೇಳಿ ಕಣ್ಣಲ್ಲಿ ನೀರು ತಂದುಕೊಂಡಳು. "ಅತ್ತಿಗೆ, ನನ್ನದೇ ತಪ್ಪು. ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಿ ಮಗೂನ ಗೊಂದಲಕ್ಕೆ ತಳ್ಳಿದೆ. ಇನ್ಮೇಲೆ ನಾನು ಏನೂ ಹೇಳಿಕೊಡಲ್ಲ. ನೀವುಂಟು, ಅವಳುಂಟು."

ನನಗೆ ಬೇಕಾಗಿದ್ದದ್ದು ಇದೇ ಮಾತು. ಹೂಂ ಅಂದಿದ್ದರೆ ಮುಗಿದುಹೋಗ್ತಿತ್ತು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು ನೋಡಿ, ನನ್ನಿಂದ ಆಗಲಿಲ್ಲ.

"ನೀನು ಹೇಳಿದ್ದೇ ಸರಿ ಕಣೇ" ಅಂದೆ. "ನಾನೇ ತಪ್ಪು ಹೇಳಿಕೊಟ್ಟೆ."

ಮಗಳು ಚೀಲ ಕೆಳಗಿಟ್ಟಳು. "ಗೊತ್ತಿಲ್ಲದೆ ಹೇಳಿದ್ಯಾ?"

"ಗೊತ್ತಿದ್ದೂ ಹೇಳಿದೆ."

"ಯಾಕಮ್ಮಾ?"

"ಹೊಟ್ಟೆಕಿಚ್ಚಿಗೆ. ನೀನು ಯಾವಾಗ ನೋಡಿದರೂ ಅತ್ತೆ ಅತ್ತೆ ಅಂತೀಯಲ್ಲ, ಅದಕ್ಕೆ."

ನಾದಿನಿ ಕಣ್ಣೊರೆಸಿಕೊಳ್ಳೋದನ್ನ ನಿಲ್ಲಿಸಿ ನನ್ನನ್ನೇ ನೋಡಿದಳು. "ಅಯ್ಯೋ ಅತ್ತಿಗೆ, ನನ್ನ ಮೇಲಾ? ನಿಮ್ಮ ಹಾಗೆ ಓದೋಕಾಗಲಿಲ್ಲ ಅಂತ ನಾನು ಎಷ್ಟು ಅತ್ತಿದ್ದೀನಿ ಗೊತ್ತಾ?" ಮಗಳು ಮಾತ್ರ ಕೈಕಾಲು ತೊಳೆಯೋಕೆ ಹೋದಳು.

ಎರಡು ದಿನ ಕಳೆದ ಮೇಲೆ ಪುಸ್ತಕ ಹಿಡಿದು ನನ್ನ ಹತ್ತಿರವೇ ಬಂದಳು. ಬಾಷ್ಪೀಭವನ ಅರ್ಥ ಆಗಿಲ್ಲವಂತೆ. ನನಗೆ ಎಷ್ಟು ಸಂತೋಷ ಅಂದರೆ, ಒಲೆ ಆರಿಸಿ ಬಂದೆ. ಒರೆಸಿದ ನೆಲ ತೋರಿಸಿ, ನೀರು ಕುದಿಯದೆಯೇ ಹೇಗೆ ಗಾಳಿಗೆ ಸೇರುತ್ತೆ, ಫ್ಯಾನ್ ಹಾಕಿದರೆ ಯಾಕೆ ಬೇಗ ಒಣಗುತ್ತೆ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಇಷ್ಟು ಚೆನ್ನಾಗಿ ಜನ್ಮದಲ್ಲೇ ಹೇಳಿರಲಿಲ್ಲ. ಮಗಳು ತಲೆಯಾಡಿಸುತ್ತಾ ಎಲ್ಲ ಬರೆದುಕೊಂಡಳು. ಪೆನ್ನಿನ ಮುಚ್ಚಳ ಹಾಕಿ ಎದ್ದಳು.

ಮುಂದಿನ ಕೋಣೆಯಿಂದ ಅವಳ ಸಣ್ಣ ದನಿ ಕೇಳಿಸಿತು.

"ಅತ್ತೆ, ಅಮ್ಮ ಹೀಗೆ ಹೇಳಿದಳು. ಇದು ನಿಜಾನಾ?"