ಡಾಕ್ಟರ್ ಅನ್ಸೆಲ್ಮೋನ ಸಾವಿರದ ನೂರನಲವತ್ತು ಉಲ್ಲೇಖ

"ಇನ್ನೂ ಸ್ವಲ್ಪ ಎಡಕ್ಕೆ ಎಳೀರಿ. ಫೋಟೋದಲ್ಲಿ ಸಂಸ್ಥೆ ಹೆಸರು ಕಾಣ್ಬೇಕಲ್ಲ," ಎಂದ ನಿರ್ದೇಶಕ ಓಲ್ವೇರಾ.

ನಾಲ್ವರು ಶವಪೆಟ್ಟಿಗೆಯನ್ನು ಎಡಕ್ಕೆ ಎಳೆದರು. ಪ್ವೆಬ್ಲಾದ ಭೌತವಿಜ್ಞಾನ ಸಂಸ್ಥೆಯ ಹಜಾರದಲ್ಲಿ ಡಾಕ್ಟರ್ ಅನ್ಸೆಲ್ಮೋ ಉರ್ದಿಯಾಲೆಸ್ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಮಲಗಿದ್ದ. ಬದುಕಿದ್ದಾಗ ಪ್ರಯೋಗಾಲಯದಲ್ಲಿ ಆತ ಇರುತ್ತಿದ್ದುದೂ ಹೆಚ್ಚುಕಡಿಮೆ ಹೀಗೆಯೇ.

ಗೌರವ ಕಾವಲಿನ ಪಟ್ಟಿ ಓಲ್ವೇರಾನ ಕೈಯಲ್ಲಿತ್ತು. ಸರದಿಗೆ ನಾಲ್ವರು, ಪೆಟ್ಟಿಗೆಯ ಮೂಲೆಗೊಬ್ಬರು, ಐದು ನಿಮಿಷ ಮೌನ. ಆಮೇಲೆ ಮುಂದಿನ ನಾಲ್ವರು ಬಂದು ಅವರನ್ನು ಕಾವಲಿನಿಂದ ಬಿಡಿಸಬೇಕು. ಬೇರೆಡೆ ವಯಸ್ಸು ನೋಡಿ ನಿಲ್ಲಿಸುತ್ತಾರೆ, ಇಲ್ಲವೇ ನೆಂಟಸ್ತಿಕೆ ನೋಡಿ. ಇಲ್ಲಿ ನೋಡುತ್ತಿದ್ದುದು, ಸತ್ತವನ ಜೊತೆ ಎಷ್ಟು ಪ್ರಬಂಧಗಳಲ್ಲಿ ಹೆಸರು ಹಂಚಿಕೊಂಡಿದ್ದಾರೆ ಎಂದು.

"ನಂದು ನಲವತ್ತೊಂದು, ಅವನದು ಮೂವತ್ತೆಂಟು. ಅವ್ನು ಹೇಗೆ ತಲೆ ಕಡೆ ನಿಲ್ತಾನೆ?" ಎಂದು ಬೋಳುತಲೆಯ ಪ್ರೊಫೆಸರೊಬ್ಬ ಪಿಸುಗುಟ್ಟಿದ.

"ಕಾಲ ಹತ್ರ ನಿಂತ್ಕೊಳ್ಳಿ ಡಾಕ್ಟರೇ. ಸತ್ತೋರಿಗೆ ಎರಡೂ ಒಂದೇ," ಎಂದ ಓಲ್ವೇರಾ.

"ಸತ್ತೋರಿಗೆ ಒಂದೇ. ಫೋಟೋಗೆ?"

ಓಲ್ವೇರಾ ಗುತ್ತಿಗೆಯ ಸಂಶೋಧಕಿ ಮಿನೆರ್ವಾಳನ್ನು ಕಂಬದ ಮರೆಗೆ ಕರೆದ. ಅವಳು ನಾಲ್ಕು ವರ್ಷ ಒಬ್ಬಳೇ ದುಡಿದು ಬರೆದ ಪ್ರಬಂಧವನ್ನು ಪತ್ರಿಕೆ ಒಪ್ಪಿಕೊಂಡಿತ್ತು. ಅಚ್ಚಿನ ಕರಡು ತಿದ್ದಿ ಕಳಿಸಲು ಇವತ್ತೇ ಕೊನೆ.

"ನೋಡಮ್ಮ, ಮೊದಲ್ನೇ ಹೆಸರು ಅನ್ಸೆಲ್ಮೋದು ಹಾಕ್ಬಿಡು. ಪಕ್ಕದಲ್ಲೊಂದು ಪುಟ್ಟ ಶಿಲುಬೆ. ಸತ್ತೋರ ಹೆಸರಿಗೆ ಹಾಕ್ತಾರಲ್ಲ, ಅದು. ನಂದು ಕೊನೇಲಿರ್ಲಿ."

"ಅವರು ಇದ್ರಲ್ಲಿ ಏನೂ ಮಾಡಿಲ್ಲ, ಡಾಕ್ಟರೇ."

"ಹಿಂದಿನ ಮುನ್ನೂರ ಹನ್ನೆರಡರಲ್ಲಿ ಏನು ಮಾಡಿದ್ರು? ಅವರ ಕುರ್ಚಿ ಖಾಲಿ ಇದೆ. ಸೋಮವಾರ ಆಯ್ಕೆ ಸಮಿತಿ. ನಿನ್ನ ಗುತ್ತಿಗೆ ಈ ತಿಂಗಳಿಗೆ ಮುಗೀತು. ಮಿಕ್ಕಿದ್ದೂ ನಾನೇ ಹೇಳ್ಬೇಕಾ?"

"ಪ್ರಬಂಧ ಓದಿದೀರಾ?"

"ಓದೋಕೆ ಯಾರಿಗಿದೆ ಪುರುಸೊತ್ತು?"

ಓದಿದ್ದರೆ ತಿಳಿಯುತ್ತಿತ್ತು. ಅನ್ಸೆಲ್ಮೋನ ಹೆಸರು ಅದರಲ್ಲಿ ಆಗಲೇ ಇತ್ತು. ಆತನ ಅಳತೆ ಯಾಕೆ ತಪ್ಪು ಎನ್ನುವುದೇ ಅದರ ಮೊದಲ ಸಾಲು.

*

ಅನ್ಸೆಲ್ಮೋ ಕೈಯಾರೆ ಅಳೆದದ್ದು ಜೀವಮಾನದಲ್ಲಿ ಒಂದೇ ಸಲ, ಮೂವತ್ತೈದು ವರ್ಷದ ಹಿಂದೆ. ಕರಿಯ ಬಿಲ್ಲೆಯೊಂದರಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯಿತು, ವಿಪರೀತ ತಣ್ಣಗಿದ್ದರೆ ಮಾತ್ರ ಆಗುವ ಇದು ಯಾರೂ ಕಂಡಿರದಷ್ಟು ಬೆಚ್ಚಗಿದ್ದಾಗಲೇ ಆಯಿತು ಎಂದು ಬರೆದ. ಜಗತ್ತು ಹೌಹಾರಿತು. ಆಮೇಲೆ ಪರೀಕ್ಷಿಸಿತು. ತಪ್ಪು. ಅಂದಿನಿಂದ ಆ ವಿಷಯ ಬರೆಯುವವರೆಲ್ಲ 'ಉರ್ದಿಯಾಲೆಸನ ತಪ್ಪು ನಮ್ಮದಾಗದಂತೆ' ಎಂದು ಶುರುಮಾಡುವುದು ವಾಡಿಕೆಯಾಯಿತು. ಹಾಗೆ ಕೂಡಿದ್ದು ಸಾವಿರದ ನೂರನಲವತ್ತು ಉಲ್ಲೇಖ. ಸಂಸ್ಥೆಯಲ್ಲಿ ಇನ್ಯಾರಿಗೂ ಅಷ್ಟಿಲ್ಲ. ಹೊಗಳಿದ್ದೋ ಉಗಿದದ್ದೋ, ಅಂಕಿಗೆ ನಾಲಿಗೆಯಿಲ್ಲ. ಅಂಕಿಯ ಬಲದಿಂದ ಬಡ್ತಿ, ಬಡ್ತಿಯ ಬಲದಿಂದ ಕಿರಿಯರ ಪ್ರಬಂಧಗಳಲ್ಲೆಲ್ಲ ಹೆಸರು. ಏಳು ಕಡಲಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇದ್ದಂತೆ ಆತನ ಜೀವ ಆ ಅಂಕಿಯಲ್ಲಿತ್ತು. ದಿನಾ ಬೆಳಿಗ್ಗೆ ಕಂಪ್ಯೂಟರ್ ತೆರೆದು, ಗಿಳಿ ಉಂಡಿತೇ ಎಂದು ನೋಡುತ್ತಿದ್ದ.

ಹೋದ ವರ್ಷ ಮಿನೆರ್ವಾ ಆ ಹಳೆಯ ಉಪಕರಣ ಬಿಚ್ಚಿದಳು. ಉಷ್ಣಮಾಪಕವನ್ನು ಬಿಲ್ಲೆಗೆ ಅಂಟಿಸಿದ್ದ ಗ್ರೀಸು ಒಣಗಿ ಬಿಟ್ಟುಕೊಂಡಿತ್ತು. ಬಿಲ್ಲೆ ಆಗಲೇ ಕೊರೆಯುತ್ತಿದ್ದರೂ ಮಾಪಕ ಬೆಚ್ಚಗಿದೆ ಎಂದು ತೋರಿಸಿತ್ತು, ಅಷ್ಟೇ. ಗ್ರೀಸು ಅಂಟಿದ ಆ ಮಾಪಕವನ್ನು ಒಯ್ದು ಆತನ ಮೇಜಿನ ಮೇಲಿಟ್ಟಳು.

"ಗೊತ್ತು," ಎಂದ ಅನ್ಸೆಲ್ಮೋ. "ಅಚ್ಚಾದ ವಾರವೇ ಗೊತ್ತಾಯ್ತು."

"ಮತ್ತೆ ಪ್ರಬಂಧ ವಾಪಸ್ ಯಾಕೆ ತಗೊಳ್ಳಲಿಲ್ಲ?"

"ತಗೊಂಡಿದ್ರೆ ಮರ್ತೇಬಿಡ್ತಿದ್ರು, ಮಗಳೇ. ಬೈಯೋಕಾದ್ರೂ ಹೆಸರು ಬರೀಬೇಕಲ್ಲ." ಗ್ರೀಸಿನ ಚೂರನ್ನು ಉಗುರಿನಿಂದ ಕೆರೆದ. "ನೀನೂ ಬರಿ. ಇನ್ನೊಂದು ಸೇರುತ್ತೆ."

*

ಭಾಷಣದಲ್ಲಿ ಓಲ್ವೇರಾ ಅಂಕಿಯನ್ನು ಎರಡು ಸಲ ಓದಿದ. ಎರಡು ಸಲವೂ ಚಪ್ಪಾಳೆ ಬಿತ್ತು. ಸತ್ತವನ ಹೆಂಡತಿ ದೋನ್ಯಾ ಚೋಲೆ, ಪಕ್ಕದಲ್ಲಿ ಕೂತಿದ್ದ ಮಿನೆರ್ವಾಳತ್ತ ಬಾಗಿದಳು.

"ಅಷ್ಟೊಂದು ಜನ ಇವರ ಬಗ್ಗೆ ಏನಂತ ಬರ್ದಿದಾರಮ್ಮ? ನಾನೂ ಕೇಳಿ ಕೇಳಿ ಸಾಕಾದೆ. ನಿಂಗರ್ಥ ಆಗಲ್ಲ ಅಂತಿದ್ರು."

ಮಿನೆರ್ವಾ ದನಿ ತಗ್ಗಿಸಿದಳು. "ತಪ್ಪು ಅಂತ, ಸೆನ್ಯೋರಾ."

"ಎಲ್ಲರೂನಾ?"

"ಎಲ್ಲರೂ."

ಮುದುಕಿ ಪೆಟ್ಟಿಗೆಯ ಕಡೆ ನೋಡಿದಳು. "ಅರ್ಥ ಆಯ್ತಲ್ಲ," ಎಂದಳು, ಗಂಡನಿಗೆ ಹೇಳುವಂತೆ.

ಮಿನೆರ್ವಾ ಫೋನು ತೆಗೆದು, ಕರಡನ್ನು ಇದ್ದಂತೆಯೇ ಕಳಿಸಿದಳು. ಅಷ್ಟರಲ್ಲಿ ಅವಳ ಸರದಿ ಬಂತು.

"ಹಾಕಿದ್ಯಾ?" ಎಂದ ಓಲ್ವೇರಾ.

"ಕಳಿಸಿದೆ. ನನ್ನ ಹೆಸರೊಂದೇ."

ಆತ ಪಟ್ಟಿಯ ಮುಂದಿನ ಸರದಿಗಳಲ್ಲಿ ಪೆನ್ನಿನಿಂದ ಒಂದೊಂದು ಹೆಸರು ಹೊಡೆದುಹಾಕಿದ.

ಅವಳು ಕಾಲ ಬಳಿಯ ಮೂಲೆಯಲ್ಲಿ ನಿಂತಳು. ಐದು ನಿಮಿಷಕ್ಕೆ ಮುಂದಿನವರು ಬಂದರು, ಮೂವರು. ಅವರು ಉಳಿದ ಮೂವರನ್ನು ಬಿಡಿಸಿದರು. ಮತ್ತೈದು ನಿಮಿಷಕ್ಕೂ ಮೂವರೇ. ಬಿಡಿಸುವವರು ಬಾರದೆ ಕಾವಲು ಬಿಟ್ಟು ಕದಲುವ ಪದ್ಧತಿ ಇರಲಿಲ್ಲ. ಬೋಳುತಲೆಯವನು ಅವಳ ಬೂಟು ನೋಡಿದ, ಮುಖ ನೋಡಲಿಲ್ಲ.

ಕೊನೆಗೆ ಸ್ಮಶಾನದವರು ಬಂದು ಪೆಟ್ಟಿಗೆಯನ್ನು ಹೊತ್ತೊಯ್ದರು. ಬಾಗಿಲ ಬಳಿ ಪ್ರೊಫೆಸರುಗಳು ಮುಸುಕಿನ ಜೋಳದ ಸಿಪ್ಪೆ ಬಿಚ್ಚಿ ಕಡುಬಿನಂಥ ಬಿಸಿ ತಮಾಲೆ ತಿನ್ನತೊಡಗಿದರು. ಹಜಾರದ ನಡುವೆ, ಆರಡಿ ಖಾಲಿ ನೆಲದ ಒಂದು ಮೂಲೆಯಲ್ಲಿ, ಮಿನೆರ್ವಾ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದಳು.