ಹೊಸ ಸೆಲ್, ನಿನ್ನೆಯ ಮೈ

ಸೆಲ್ ಮುಗಿದರೆ ನಾವೇನು ಮಾಡುತ್ತೇವೆ? ಟಿವಿ ರಿಮೋಟಿನ ಬೆನ್ನಿಗೆ ನಾಲ್ಕು ಏಟು ಹಾಕುತ್ತೇವೆ. ಸೆಲ್ ತೆಗೆದು ಅದಲು ಬದಲು ಮಾಡುತ್ತೇವೆ. ಆಗಲೂ ಆಗದಿದ್ದರೆ ಕಣದಲ್ಲಿ ಒಣಹಾಕಿದ ಕಾಫಿಯ ಪಕ್ಕ ಬಿಸಿಲಿಗಿಡುತ್ತೇವೆ. ನಮ್ಮ ಸಂಸೆ ಕಡೆ ಇದನ್ನು ಮಾಡದ ಮನೆ ಇದ್ದರೆ ತೋರಿಸಿ. ನಾನೂ ಮಾಡಿದವಳೇ. ಆದರೆ ಈ ಆಟ ನಡೆಯದ ಗಡಿಯಾರವೊಂದು ನಮ್ಮ ಮನೆಯಲ್ಲಿದೆ. ಅದನ್ನು ತಿಳಿಸಿಕೊಟ್ಟವರು ಕಳಸದ ಕುಬ್ರಕ್ಕ. ಅವರ ವಿಷಯ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ನಾಗಶ್ರೀ. ನನ್ನ ಗಂಡ ಹಾಲೇಶ್ ನೀರಿನೊಳಗೆ ಕೆಲಸ ಮಾಡುವವರು. ಆರು ವರ್ಷ ಕರಾವಳಿಯಲ್ಲಿ ಪ್ರವಾಸಿಗರನ್ನು ಸಮುದ್ರದಡಿಗೆ ಕರೆದೊಯ್ಯುತ್ತಿದ್ದರು. ಈಗ ಊರಿನಲ್ಲೇ ಇದ್ದು, ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಕೆರೆ, ಹೊಂಡಗಳಿಗೆ ಇಳಿದು ಎಸ್ಟೇಟಿನವರ ಪೈಪು, ಮೋಟಾರು ಸರಿಮಾಡಿಕೊಡುತ್ತಾರೆ. ಅವರ ಮಣಿಕಟ್ಟಿನಲ್ಲಿ ದಪ್ಪ ಗಡಿಯಾರದಂತೆ ಕಾಣುವುದು ಡೈವ್ ಕಂಪ್ಯೂಟರ್. ಎಷ್ಟು ಆಳ ಇಳಿದರು, ಎಷ್ಟು ಹೊತ್ತು ಇದ್ದರು, ಎಷ್ಟು ನಿಧಾನವಾಗಿ ಮೇಲೆ ಬರಬೇಕು, ಎಲ್ಲವನ್ನೂ ಅದೇ ಹೇಳುತ್ತದೆ.

ಹೋದ ಮಾರ್ಚಿನಲ್ಲಿ ಬಾಳೂರಿನ ಗಿರಿಜಾಂಬಾ ಅವರ ತೋಟದ ಮೋಟಾರು, ಹಗ್ಗ ಕಡಿದು ಹಳೇ ಕಲ್ಲುಕ್ವಾರಿಯ ಹೊಂಡಕ್ಕೆ ಬಿತ್ತು. ಎಂಬತ್ತು ಅಡಿ ನೀರು. ಕಾಫಿ ಹೂ ಅರಳಿಸುವ ಹೂಮಳೆ ಬಂದಿರಲಿಲ್ಲ. ಕಾಫಿ ಗಿಡದ ಮೊಗ್ಗೆಲ್ಲ ಸ್ಪ್ರಿಂಕ್ಲರ್ ನೀರಿಗೆ ಕಾದು ಕೂತಿತ್ತು. ಶುಕ್ರವಾರ ನಮ್ಮ ಇವರು ಮೂರು ಸಲ ಮುಳುಗಿ ಕೆಸರಿನಲ್ಲಿ ಹೂತಿದ್ದ ಮೋಟಾರನ್ನು ಪತ್ತೆ ಮಾಡಿದರು. ಮಾರನೆಯ ದಿನ ಇಳಿದು ಸರಪಳಿ ಕಟ್ಟುವುದೊಂದೇ ಬಾಕಿ. ಅಷ್ಟರಲ್ಲಿ ಗಡಿಯಾರದಲ್ಲಿ ಸೆಲ್ ಮುಗಿಯುವ ಗುರುತು ಮಿನುಗತೊಡಗಿತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಕಳಸಕ್ಕೆ ಹೋದೆವು. ಬಸ್‌ಸ್ಟ್ಯಾಂಡ್ ಹತ್ತಿರ ಕುಬ್ರಕ್ಕನ ವಾಚ್ ರಿಪೇರಿ ಅಂಗಡಿ. ಅಪ್ಪ ಜಿಯಾಉದ್ದೀನ್ ಅವರಿಂದ ಕಲಿತ ಕೆಲಸ.

"ಒಂದು ಸೆಲ್ ಕೊಡಿ ಕುಬ್ರಕ್ಕ, ನಾನೇ ಹಾಕ್ಕೊಳ್ತೀನಿ. ಹನ್ನೊಂದಕ್ಕೆ ನೀರಲ್ಲಿರ್ಬೇಕು," ಎಂದರು ಇವರು.

ಕುಬ್ರಕ್ಕ ಗಡಿಯಾರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಂಥದ್ದು ನಾನು ಬಿಚ್ಚಿಲ್ಲ. ಇದ್ರ ಪುಸ್ತಕ ಇದ್ಯಾ?"

"ಪುಸ್ತಕ ಎಂತಕ್ಕೆ ಮಾರಾಯ್ರೆ? ನಾಣ್ಯ ಇಟ್ಟು ತಿರುಗ್ಸಿದ್ರೆ ಮುಚ್ಚಳ ಬರುತ್ತೆ."

"ಬಿಚ್ಚೋಕೆ ಎಲ್ರಿಗೂ ಬರುತ್ತೆ. ಪುಸ್ತಕ ತೆಗಿ."

ಇಪ್ಪತ್ತೈದು ವರ್ಷ ಗಡಿಯಾರ ಬಿಚ್ಚಿ ಜೋಡಿಸಿದ ಕೈ ಅದು. ಆದರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ಒಂದಿಷ್ಟೂ ಮುಜುಗರವಿಲ್ಲ. ನನಗೆ ಅವರ ಮೇಲೆ ಅಲ್ಲೇ ಗೌರವ ಹುಟ್ಟಿತು.

ಪುಸ್ತಕ ಇವರ ಫೋನಿನಲ್ಲಿತ್ತು, ಇಂಗ್ಲಿಷಿನಲ್ಲಿ. ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೆಲವು ಗಡಿಯಾರಗಳನ್ನು ಕಂಪನಿಯ ಸರ್ವಿಸ್ ಸೆಂಟರಿನವರೇ ಬಿಚ್ಚಬೇಕು. ಇದರ ಸೆಲ್ಲನ್ನು ನಾವೇ ಬದಲಾಯಿಸಬಹುದು ಎಂದು ಬರೆದಿತ್ತು. ಅಷ್ಟು ಕೇಳಿದ ಮೇಲೆ ಕುಬ್ರಕ್ಕ ಒಂದು ಚೀಟಿ ತೆಗೆದುಕೊಂಡರು. ಯಾವ ವಾಚೇ ಬರಲಿ, ಬಿಚ್ಚುವ ಮೊದಲು ಅದು ತೋರಿಸುವುದನ್ನೆಲ್ಲ ಬರೆದಿಡುವುದು ಅವರ ಅಂಗಡಿಯ ಪದ್ಧತಿ. ತಾರೀಖು, ಟೈಮು ಬರೆದರು. ಪರದೆಯ ಮೂಲೆಯಲ್ಲಿ ಒಂಬತ್ತು ಎಂದಿತ್ತು. ಅದನ್ನೂ ಬರೆದು ಇವರನ್ನು ಕೇಳಿದರು.

"ಇದೆಂತ ಒಂಬತ್ತು?"

"ನಿನ್ನೆ ಮುಳುಗಿದ್ದು ಮೈಯಿಂದ ಪೂರ್ತಿ ಹೋಗೋಕೆ ಇನ್ನೂ ಒಂಬತ್ತು ಗಂಟೆ ಬೇಕು ಅಂತ. ಆಳದಲ್ಲಿ ಉಸಿರಾಡಿದ ಗಾಳಿ ಸ್ವಲ್ಪ ರಕ್ತದಲ್ಲೇ ಸೇರ್ಕೊಂಡಿರುತ್ತೆ."

"ಲೆಕ್ಕ ತಪ್ಪಿ ಬೇಗ ಮೇಲೆ ಬಂದ್ರೆ?"

"ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ. ಮೈಯೊಳಗೆ ಗುಳ್ಳೆ ಏಳುತ್ತೆ. ಕೀಲು ಹಿಡಿಯುತ್ತೆ. ಜಾಸ್ತಿಯಾದ್ರೆ ಕೈಕಾಲು ಬಿದ್ದುಹೋಗುತ್ತೆ. ಜೀವನೂ ಹೋಗ್ಬಹುದು."

ಬಸ್ಸಿನ ಟೈಮು ಹೇಳಿದಷ್ಟೇ ಸಲೀಸಾಗಿ ಹೇಳಿದರು ಇವರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ನನಗೆ ಇದನ್ನು ಒಂದು ದಿನವೂ ಹೇಳಿರಲಿಲ್ಲ.

ಕುಬ್ರಕ್ಕ ಗಡಿಯಾರವನ್ನು ಒಳ್ಳೆ ನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಳ ತೆಗೆದರು. ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಒಳಗಿನ ರಬ್ಬರ್ ರಿಂಗನ್ನು ನೋಡಿದರು. ಅದರ ಮೇಲೆ ಒಂದು ಕೂದಲು ಅಂಟಿತ್ತು.

"ನೀರು ಒಳಗೆ ಹೋಗೋಕೆ ಇಷ್ಟು ಸಾಕು ಮಾರಾಯ."

"ಒರೆಸಿ ಅದನ್ನೇ ಹಾಕಿ. ಸ್ವಲ್ಪ ತೆಂಗಿನೆಣ್ಣೆ ಸವರಿದ್ರೆ ಆಯ್ತು. ಹೋದ ಸಲ ನಾನು ಹಾಗೇ ಮಾಡಿದ್ದು."

"ತೆಂಗಿನೆಣ್ಣೆ ತಲೆಗೆ ಹಚ್ಕೊ. ಒಳಗೂ ಸ್ವಲ್ಪ ತಂಪಾಗ್ಲಿ."

ನನಗೆ ನಗು ತಡೆಯಲಾಗಲಿಲ್ಲ. ಗಡಿಯಾರದ ಜೊತೆ ಬಂದಿದ್ದ ಹೊಸ ರಿಂಗು, ಅದಕ್ಕೆ ಹಚ್ಚುವ ಸಿಲಿಕೋನ್ ಗ್ರೀಸು ಇವರ ಬ್ಯಾಗಿನಲ್ಲೇ ಬಿಚ್ಚದೆ ಬಿದ್ದಿತ್ತು. ಕುಬ್ರಕ್ಕ ಗ್ರೀಸನ್ನು ರಿಂಗಿಗೆ ಹೊಳಪು ಬರುವಷ್ಟೇ ಸವರಿದರು. ಸೆಲ್ ನಂಬರನ್ನು ಪುಸ್ತಕದ ನಂಬರಿಗೆ ತಾಳೆ ನೋಡಿ, ಅಂಚು ಹಿಡಿದು, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿದರು. ಮುಚ್ಚಳವನ್ನು ಗುರುತಿನವರೆಗೆ ಮಾತ್ರ ತಿರುಗಿಸಿ, ಒಂದು ಲೋಟ ನೀರಿನಲ್ಲಿ ಮುಳುಗಿಸಿ ನೋಡಿದರು. ಗುಳ್ಳೆ ಬರಲಿಲ್ಲ. ಎಷ್ಟು ಚೆಂದದ ಕೆಲಸ! ಮನೆಯಲ್ಲಿ ನಾವು ಮಾಡಿದ್ದರೆ ಅರ್ಧ ನಿಮಿಷದಲ್ಲಿ ಮುಗಿಸಿ ಎದ್ದಿರುತ್ತಿದ್ದೆವು.

ಇವರು ಕೈ ಚಾಚಿದರು. ಕುಬ್ರಕ್ಕ ಕೊಡಲಿಲ್ಲ. ಚೀಟಿಯನ್ನು ಗಡಿಯಾರದ ಪಕ್ಕ ಇಟ್ಟು ನೋಡುತ್ತಿದ್ದರು.

"ಒಂಬತ್ತು ಇತ್ತಲ್ಲ, ಈಗ ಸೊನ್ನೆ ತೋರಿಸ್ತಿದೆ?"

"ಹೊಸ ಸೆಲ್ ಅಲ್ವಾ, ಟೈಮ್ ಇಟ್ರೆ ಸರಿಯಾಗುತ್ತೆ."

"ಟೈಮ್ ನೀನು ಇಡ್ಬಹುದು. ಒಂಬತ್ತನ್ನ ಇಡೋಕಾಗುತ್ತಾ?"

ಇವರು ಬಟನ್ ಒತ್ತಿ ಒತ್ತಿ ಸೋತರು. ನಾನು ಪುಸ್ತಕದಲ್ಲಿ ಮುಂದಕ್ಕೆ ಹುಡುಕಿದೆ. ಅಲ್ಲಿ ದಪ್ಪಕ್ಷರದಲ್ಲೇ ಇತ್ತು: ಸೆಲ್ ತೆಗೆದರೆ ಹಿಂದೆ ಮುಳುಗಿದ್ದೆಲ್ಲ ಈ ಗಡಿಯಾರದ ನೆನಪಿನಿಂದ ಅಳಿಸಿಹೋಗುತ್ತದೆ; ಮುಳುಗಿದ ಬೆನ್ನಿಗೇ ಸೆಲ್ ಬದಲಾಯಿಸಿದವರು ನಲವತ್ತೆಂಟು ಗಂಟೆ ನೀರಿಗಿಳಿಯಬಾರದು.

ಇವರಿಗೆ ಸಿಟ್ಟು ಬಂತು. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ? ಹಳೇ ಸೆಲ್ಲಲ್ಲೇ ಇಳಿತಿದ್ದೆ!"

"ಮೊದ್ಲು ನಂಗೂ ಗೊತ್ತಿರ್ಲಿಲ್ಲ. ಪೂರ್ತಿ ಓದಿಸ್ದೆ ಬಿಚ್ಚಿದ್ದು ನನ್ನ ತಪ್ಪು. ಆದ್ರೆ ಎಂಬತ್ತು ಅಡಿಲಿ ಹಳೇ ಸೆಲ್ ಸತ್ತಿದ್ರೆ ಅಲ್ಲಿ ಯಾರನ್ನ ಕೇಳ್ತಿದ್ದೆ?"

"ಹೋದ ಸಲ ಸೆಲ್ ಹಾಕಿದ ದಿನವೇ ಇಳಿದಿದ್ದೆ. ಎಂತೂ ಆಗ್ಲಿಲ್ಲ."

"ಅದರ ಹಿಂದಿನ ದಿನ ಇಳಿದಿದ್ಯಾ?"

"ಇಲ್ಲ."

"ಹಾಗಾದ್ರೆ ಕೇಳು. ಇವತ್ತು ಈ ಗಡಿಯಾರ ನಿನ್ನನ್ನ ಹೊಸ ಮನುಷ್ಯ ಅಂದ್ಕೊಂಡಿದೆ. ಹೊಸ ಸೆಲ್ ಹಾಕಿದ್ದು ಇದಕ್ಕೆ, ನಿಂಗಲ್ಲ."

ಅಷ್ಟರಲ್ಲಿ ಗಿರಿಜಾಂಬಾ ಅವರ ಫೋನು ಬಂತು. ಇವರು ಫೋನನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇವರು ಫೋನಿನ ಸ್ಪೀಕರ್ ಹಾಕಿದರು.

"ಹಾಲೇಶ್, ಎಲ್ಲಿದ್ದೀಯಪ್ಪ? ಮೊಗ್ಗು ಬಾಡ್ತಾ ಇದೆ. ಕೆಲಸದವರೆಲ್ಲ ದಡದಲ್ಲಿ ಕಾಯ್ತಿದಾರೆ."

"ಅಮ್ಮಾ, ಸೋಮವಾರ ಬರ್ತೀನಿ. ಇವತ್ತು ಇಳಿದ್ರೆ ನಿಮ್ಮ ಮೋಟಾರು ಮೇಲೆ ಬರುತ್ತೆ. ನಾನು ನೆಟ್ಟಗೆ ಬರ್ತೀನಾ ಇಲ್ವಾ ಹೇಳೋಕಾಗಲ್ಲ."



"ಮೋಟಾರು ಅಲ್ಲೇ ಬಿದ್ದಿರ್ಲಿ ಮಾರಾಯ," ಎಂದರು ಗಿರಿಜಾಂಬಾ. "ನೀನು ಮನೆಗೆ ಹೋಗು."

ಸೋಮವಾರ ಹತ್ತು ಗಂಟೆ ದಾಟಿದ ಮೇಲೆ ಇವರು ಹೊಂಡಕ್ಕೆ ಇಳಿದರು. ಮಧ್ಯಾಹ್ನದ ಊಟದೊಳಗೆ ಮೋಟಾರು ದಡದಲ್ಲಿತ್ತು. ತೋಟದ ಮೇಲಿನ ಪ್ಲಾಟಿನಲ್ಲಿ ಒಂದಿಷ್ಟು ಮೊಗ್ಗು ಹಾಳಾಯಿತು, ಅದನ್ನು ಮುಚ್ಚಿಡುವುದಿಲ್ಲ. ಗಿರಿಜಾಂಬಾ ಅದನ್ನು ನಮಗೆ ತೋರಿಸಿದರು, ಆಮೇಲೆ ಇಬ್ಬರಿಗೂ ಊಟ ಹಾಕಿ ಕಳಿಸಿದರು. ಈಗ ಇವರು ಗುರುತು ಮಿನುಗುವವರೆಗೆ ಕಾಯುವುದಿಲ್ಲ. ಕೆಲಸ ಇಲ್ಲದ ವಾರ ನೋಡಿ, ಹೊಸ ರಿಂಗು ಹಿಡಿದುಕೊಂಡು ತಾವಾಗಿಯೇ ಕುಬ್ರಕ್ಕನ ಅಂಗಡಿಗೆ ಹೋಗುತ್ತಾರೆ.

ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಸಮುದ್ರಕ್ಕೋ ಹೊಂಡಕ್ಕೋ ಇಳಿಯುವವರು ಇರಬಹುದು. ಆ ಗಡಿಯಾರದ ಪುಸ್ತಕವನ್ನು ನೀವೂ ಒಮ್ಮೆ ಓದಿ, ಓದಲು ಬಾರದಿದ್ದರೆ ಓದಿಸಿ. ಸೆಲ್ಲಿನ ಜೊತೆ ರಿಂಗನ್ನೂ ಬದಲಾಯಿಸಿ ಎಂದು ಹಟ ಹಿಡಿಯಿರಿ. ನಾವು ಹೆಂಗಸರು, ಇದು ನಮಗೆ ತಿಳಿಯುವ ವಿಷಯವಲ್ಲ ಎಂದು ಸುಮ್ಮನಿರಬೇಡಿ. ಅವರು ಸಿಲಿಂಡರ್ ಹೊತ್ತು ಹೊರಟಾಗ ಒಂದೇ ಒಂದು ಮಾತು ಕೇಳಿ: "ಸೆಲ್ ಯಾವಾಗ ಹಾಕಿದ್ದು? ಅದಕ್ಕೆ ಮೊದ್ಲು ಯಾವಾಗ ಮುಳುಗಿದ್ದು?" ಸರಿಯಾದ ಉತ್ತರ ಬರುವ ತನಕ ಬಾಗಿಲಿಗೆ ಅಡ್ಡ ನಿಲ್ಲಿ.